ಹತ್ತು ನಿಮಿಷದ ಅಡ್ಡಾಟಕ್ಕೆ 1,800 ರೂಪಾಯಿ: ಕೆಲಗೇರಿ ಆಚೆಯ ನಾಯಿ ಮೈದಾನದಲ್ಲಿ ನಮ್ಮ ನಾಲ್ಕು ತಿಂಗಳು

ನಮ್ಮ ನಾಯಿಯ ಹೆಸರು ಚಿಗರಿ. ಕೇಳಿದವರೆಲ್ಲ "ಏನ್ರೀ ಬಾಯಾರ, ಬಸ್ಸಿನ ಹೆಸರು ಇಟ್ಟೀರಿ?" ಅಂತ ನಗುತ್ತಾರೆ. ಹುಬ್ಬಳ್ಳಿ-ಧಾರವಾಡ ನಡುವಿನ ಬಸ್ಸಿಗೂ ನಮ್ಮ ಹುಡುಗಿಗೂ ಹೆಸರು ಬಂದದ್ದು ರಾಣೆಬೆನ್ನೂರ ಕಡೆ ಹಿಂಡುಗಟ್ಟಿ ಜಿಗಿಯುವ ಆ ಕೃಷ್ಣಮೃಗದಿಂದಲೇ. ಆದರೆ ಬಸ್ಸು ನಿಲ್ದಾಣ ಬಿಟ್ಟು ನಾಲ್ಕು ಮಾರು ಹೋದ ಮೇಲೆ ವೇಗ ಹಿಡಿಯುತ್ತದೆ. ನಮ್ಮದು ಮುಧೋಳದ ತಳಿ, ಅದಕ್ಕೆ ಆ ನಾಲ್ಕು ಮಾರಿನ ಪುರುಸೊತ್ತೂ ಇಲ್ಲ. ಕೂತಲ್ಲಿಂದ ಎದ್ದರೆ ಮುಗಿಯಿತು, ಬಾಣ.

ಕಳೆದ ನವೆಂಬರಿನಲ್ಲಿ ಆ ಬಾಣ ನಡುದಾರಿಯಲ್ಲೇ ಮುರಿಯಿತು. ಮುಂಜಾನೆ ಆರರ ಚಳಿ. ರಾತ್ರಿಯಿಡೀ ಕೌದಿಯೊಳಗೆ ಚಕ್ಕುಲಿಯಾಗಿ ಮಲಗಿದ್ದ ನಾಯಿಯನ್ನು ಧಾರವಾಡದ ಮಾಳಮಡ್ಡಿಯಿಂದ ಕಾರಿನಲ್ಲಿ ಕರೆದೊಯ್ದು, ಒಂದು ಮೈದಾನದ ಬಾಗಿಲಲ್ಲಿ ಇಳಿಸಿ, ಬೆಲ್ಟ್ ಬಿಚ್ಚಿದೆ. ಕಂಪೌಂಡಿನ ಬುಡದಲ್ಲಿ ಮುಂಗುಲಿ ಒಂದು ಹಾದು ಹೋಯಿತು. ಮೂವತ್ತು ಮೀಟರು ಓಡಿರಬೇಕು, ಮುಂಗುಲಿ ಎಡಕ್ಕೆ ತಿರುಗಿತು, ಇದೂ ತಿರುಗಿತು, ಕುಂಯ್ ಅಂತ ಒಂದೇ ಕೂಗು. ಎಡ ಹಿಂಗಾಲು ಎತ್ತಿಕೊಂಡು ನಿಂತುಬಿಟ್ಟಿತು.

ಡಾಕ್ಟರು ತೊಡೆಯ ಒಳಭಾಗ ಒತ್ತಿ ನೋಡಿದರು. ಒಂದು ಜಾಗಕ್ಕೆ ಬೆರಳು ಬಂದಾಗ ಚಿಗರಿ ತಲೆ ತಿರುಗಿಸಿ ಅವರ ಕೈ ನೆಕ್ಕಿತು. ಅದು ಕಚ್ಚುವ ಜಾತಿಯಲ್ಲ, ನೋವಾದರೆ ನೆಕ್ಕುತ್ತದೆ. ಬೆನ್ನುಮೂಳೆಯ ಕೆಳಗಿಂದ ತೊಡೆಮೂಳೆಗೆ ಬರುವ ಇಲಿಯೋಸೋಸ್ ಅನ್ನುವ ಸ್ನಾಯು ಉಳುಕಿದೆ ಎಂದರು. ಜಿಗಿದು ಓಡುವ ನಾಯಿಗಳಲ್ಲಿ ಇದು ಸಾಮಾನ್ಯವಂತೆ. ಆರು ವಾರ ಬೆಲ್ಟ್ ಬಿಚ್ಚಬಾರದು, ಮೆಟ್ಟಿಲು ಹತ್ತಿಸಬಾರದು, ಸೋಫಾ ಏರಲು ಬಿಡಬಾರದು. ಆಮೇಲೆ ಬರೆಯುತ್ತಾ ತಲೆ ಎತ್ತದೆಯೇ ಕೇಳಿದರು: "ಓಡಸೋಕಿಂತ ಮೊದಲ ಎಷ್ಟೊತ್ತು ಅಡ್ಡಾಡಸಿದ್ರಿ?"

ನಾನು ಸುಮ್ಮನಿದ್ದೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಖೋಖೋ ಹುಡುಗಿಯರನ್ನು ಎರಡು ಸುತ್ತು ಓಡಿಸದೆ, ಕೈಕಾಲು ಬಿಡಿಸದೆ ಒಂದು ದಿನ ಅಂಕಣಕ್ಕೆ ಬಿಟ್ಟವಳಲ್ಲ. "ಮೈ ಬಿಸಿ ಆಗದ ಆಟಕ್ಕ ಇಳದೀಯೇನ?" ಅಂತ ಎಷ್ಟು ಮಂದಿಯನ್ನು ಬೈದಿದ್ದೇನೋ. ಸ್ವಂತ ನಾಯಿಯ ವಿಷಯದಲ್ಲಿ ಮಾತ್ರ ಅದೊಂದು ಪ್ರಾಣಿ, ಅದಕ್ಕೇನು ಅನ್ನುವ ಉಡಾಫೆ.

(ನಡುವೆ ಒಂದು ಮಾತು. ಆ ದಿನ ಡಾಕ್ಟರ ಹತ್ತಿರ ಹೋಗುವ ಮೊದಲು ಪಕ್ಕದ ಮನೆಯವರು ತಮ್ಮ ಮೊಣಕಾಲು ನೋವಿನ ಐಬುಪ್ರೊಫೆನ್ ಗುಳಿಗೆ ಅರ್ಧ ಮುರಿದು ಕೊಟ್ಟಿದ್ದರು, ಅನ್ನದಾಗ ಇಟ್ಟು ತಿನ್ನಿಸ್ರಿ ಅಂತ. ದೇವರ ದಯೆ, ಕೊಡಲಿಲ್ಲ. ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಅದು ಕೆಡಿಸುತ್ತದೆ. ಮನುಷ್ಯರ ನೋವಿನ ಗುಳಿಗೆ ನಾಯಿಗೆ ಬೇಡವೇ ಬೇಡ.)

ಆರು ವಾರ ಮುಗಿದ ಮೇಲೆ ಸೇರಿಸಿದ್ದು ಈ ಮೈದಾನಕ್ಕೆ. ಬೋರ್ಡಿಲ್ಲ, ಜಾಹೀರಾತಿಲ್ಲ. ಕೆಲಗೇರಿ ಕೆರೆ ದಾಟಿ ಸ್ವಲ್ಪ ಮುಂದೆ ಹೋದರೆ ಮಾವಿನ ಗಿಡಗಳಿರುವ ಒಂದು ಎಕರೆ ಹೊಲ, ಸುತ್ತ ತಂತಿ ಬೇಲಿ, ಮೂಲೆಯಲ್ಲೊಂದು ಪತ್ರಾಸಿನ ಶೆಡ್ಡು. ನಡೆಸುವವರು ಸೈನ್ಯದಲ್ಲಿ ನಾಯಿ ನೋಡಿಕೊಳ್ಳುತ್ತಿದ್ದು ಹವಾಲ್ದಾರರಾಗಿ ನಿವೃತ್ತರಾದವರು, ಮೀರತ್‌ನಲ್ಲಿ ತರಬೇತಿ ಆದವರು. ಎಲ್ಲರೂ ಹವಾಲ್ದಾರ್ ಸಾಹೇಬ್ರು ಅಂತಲೇ ಕರೆಯುತ್ತಾರೆ. ವಾರಕ್ಕೆ ಮೂರು ದಿನ, ಮುಂಜಾನೆ ಆರರಿಂದ ಏಳೂಕಾಲು, ಒಂದು ಬ್ಯಾಚಿಗೆ ಆರು ನಾಯಿ. ತಿಂಗಳಿಗೆ 1,800 ರೂಪಾಯಿ, ಬಿಡಿ ದಿನಕ್ಕೆ 200.

ಗೇಟಿನಲ್ಲೇ ಮೊದಲ ಪ್ರಶ್ನೆ: "ಊಟ ಆಗೇತೇನು ಇದಕ್ಕ?" ಮೊದಲ ದಿನ ನಾನು ಹೆಮ್ಮೆಯಿಂದ, ಹೌದ್ರಿ, ಮೊಸರನ್ನ ತಿನ್ನಿಸಿಕೊಂಡೇ ಬಂದೀನಿ ಅಂದೆ. "ಹಂಗಾರ ಇವತ್ತು ಇಲ್ಲಿ ಕಟ್ಟಿ ಉಳಿದ ನಾಯಿ ನೋಡ್ಕೋತ ಕುಂದರ್ರಿ," ಅಂದರು. ಮುಧೋಳದಂಥ ಆಳವಾದ ಎದೆಗೂಡಿನ ನಾಯಿ ಹೊಟ್ಟೆ ತುಂಬಿಕೊಂಡು ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಹಾಗಾದರೆ ತಾಸುಗಳಲ್ಲೇ ಜೀವಕ್ಕೆ ಬರುತ್ತದೆ ಅಂತ ವಿವರಿಸಿದ್ದು ಆಮೇಲೆ. ಆ ದಿನದ ರೊಕ್ಕ ಮಾತ್ರ ಹಿಡಿದರು. ಅದು ನನಗೆ ಇನ್ನೂ ಹೊಟ್ಟೆಯಲ್ಲೇ ಇದೆ.

ಇನ್ನು ಓಟಕ್ಕೆ ಬಿಡುವ ಮೊದಲು ಮೈ ಬಿಸಿ ಮಾಡಿಸುವ ಆ ಹತ್ತು ನಿಮಿಷದ ಮಾತು. ನಾನು ರೊಕ್ಕ ಕೊಟ್ಟದ್ದು ಅದಕ್ಕೇ.

ಮೊದಲ ಮೂರು ನಿಮಿಷ ಏನೂ ಇಲ್ಲ. ಅಂದರೆ ಬೆಲ್ಟ್ ಸಡಿಲ ಬಿಟ್ಟು ಬೇಲಿಗುಂಟ ನಡೆಯುವುದು. ನಾಯಿ ಮೂಸಿದರೆ ಮೂಸಲಿ, ಉಚ್ಚೆ ಹೊಯ್ದರೆ ಹೊಯ್ಯಲಿ, ಎಳೆಯುವಂತಿಲ್ಲ. ನನಗೆ ಕಾಲು ತಡೆಯುತ್ತಿರಲಿಲ್ಲ, ಬಿರಬಿರ ಹೆಜ್ಜೆ ಹಾಕುತ್ತಿದ್ದೆ. ಹಿಂದಿನಿಂದ ದನಿ ಬರುತ್ತಿತ್ತು: "ಸಾವಕಾಶ್ರೀ ಬಾಯಾರ, ಸಾವಕಾಶ. ಎಲ್ಲಿ ಬಸ್ಸು ತಪ್ಪತೈತಿ?" ಆಮೇಲೆ ಒಂದೆರಡು ನಿಮಿಷ ಚುರುಕು ನಡಿಗೆ, ಅದರಿಂದ ಅವರು ಟ್ರಾಟ್ ಅನ್ನುವ ಸಣ್ಣ ಓಟ. ಬಲ ಮುಂಗಾಲು, ಎಡ ಹಿಂಗಾಲು ಒಟ್ಟಿಗೆ, ಆಮೇಲೆ ಎಡ ಮುಂಗಾಲು, ಬಲ ಹಿಂಗಾಲು. ತಾಳ ಹಾಕಿದ ಹಾಗೆ.

ಈ ಟ್ರಾಟಿನಲ್ಲೇ ನನ್ನ ರೊಕ್ಕ ವಸೂಲಾಯಿತು. ಸಾಹೇಬರು ಬೆಲ್ಟ್ ತಾವು ಹಿಡಿದು, ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, "ಕಾಲು ನೋಡಬ್ಯಾಡ್ರಿ, ತಲಿ ನೋಡ್ರಿ," ಅಂದರು. ಚಿಗರಿಯದು ಸರಿಯಾಗಿತ್ತು, ನನಗೇನೂ ಕಾಣಲಿಲ್ಲ. ಮುಂದೆ ಒಂದು ಕಂದು ಲ್ಯಾಬ್ರಡಾರ್ ಬಂತು. ಅದರ ತಲೆ ಹೆಜ್ಜೆ ಹೆಜ್ಜೆಗೆ ಹೌದು ಹೌದು ಅಂದಂತೆ ಮೇಲೆ ಕೆಳಗೆ ಆಡುತ್ತಿತ್ತು. ಮುಂಗಾಲಲ್ಲಿ ನೋವಿದ್ದರೆ, ನೋವಿನ ಕಾಲು ನೆಲಕ್ಕೆ ತಾಗುವಾಗ ನಾಯಿ ಭಾರ ತಪ್ಪಿಸಲು ತಲೆ ಎತ್ತುತ್ತದೆ, ಒಳ್ಳೆಯ ಕಾಲು ಊರುವಾಗ ಇಳಿಸುತ್ತದೆ. ನಿಂತಾಗ ನಾಯಿಯ ಸುಮಾರು 60 ಪರ್ಸೆಂಟ್ ಭಾರ ಮುಂಗಾಲ ಮೇಲಿರುತ್ತದಂತೆ, ಅದಕ್ಕೇ ಇದು ಇಷ್ಟು ಸ್ಪಷ್ಟ. ಲ್ಯಾಬಿನ ಒಡತಿ ಹದಿನೈದು ದಿನದಿಂದ ದಿನಾ ಚೆಂಡು ಎಸೆಯುತ್ತಿದ್ದರು, ಅವರ ಗಮನಕ್ಕೇ ಬಂದಿರಲಿಲ್ಲ. ಅವತ್ತು ಆ ನಾಯಿಯನ್ನು ಸಾಹೇಬರು ಆಟಕ್ಕೆ ಬಿಡಲಿಲ್ಲ, ಡಾಕ್ಟರ ಕಡೆ ಕಳಿಸಿದರು. ಮೈ ಬಿಸಿ ಮಾಡುವುದರ ಅರ್ಧ ಲಾಭ ಇದೇ ಅಂತ ನನಗೆ ಹೊಳೆದದ್ದು ಆಗ. ಹತ್ತು ನಿಮಿಷ ನಾಯಿಯನ್ನು ನೀವು ನೋಡುತ್ತೀರಿ. ಚೆಂಡು ಎಸೆದ ಮೇಲೆ ನೋಡುವುದೆಲ್ಲ ಬರೀ ಚೆಂಡು.

ಆಮೇಲೆ ಎರಡು ಬಕೆಟ್ಟು. ಆರು ಹೆಜ್ಜೆ ಅಂತರದಲ್ಲಿಟ್ಟು ಅವುಗಳ ಸುತ್ತ ಎಂಟು ಅಂಕಿ ಬರೆದಂತೆ ನಡೆಸುವುದು. ಎರಡು ಸುತ್ತು ಅಗಲಕ್ಕೆ, ಬಕೆಟ್ಟು ಹತ್ತಿರ ತಂದು ಎರಡು ಸುತ್ತು ಕಿರಿದಾಗಿ. ಹಿಂದೆ ಚಿಗರಿಗೆ ಪೆಟ್ಟಾದದ್ದು ತಿರುವಿನಲ್ಲಿ, ಹಾಗಾಗಿ ಇದನ್ನು ನಾನು ಎಲ್ಲಕ್ಕಿಂತ ಮನಸಿಟ್ಟು ಮಾಡಿಸುತ್ತೇನೆ. ಬಲಕ್ಕೆ ತಿರುಗುವಾಗ ಹಾವಿನಂತೆ ಬಳುಕುವುದು, ಎಡಕ್ಕೆ ಬಂದರೆ ಹಲಗೆಯಂತೆ ಸೆಟೆದು ದೊಡ್ಡ ಸುತ್ತು ಹಾಕುವುದು: ಮೊದಲ ತಿಂಗಳಿಡೀ ಹೀಗೇ ಇತ್ತು. ಎರಡನೇ ತಿಂಗಳ ಕೊನೆಗೆ ಎರಡೂ ಒಂದೇ ಸಮ ಆದವು.

ನಂತರ ಬಿಸ್ಕೀಟು. ನಾಯಿ ನಿಂತಿರಬೇಕು, ನಾಲ್ಕೂ ಪಾದ ನೆಲದಲ್ಲಿ. ಮೂಗಿನ ಮುಂದೆ ಚೂರು ಹಿಡಿದು ಸಾವಕಾಶ ಭುಜದ ಕಡೆಗೆ, ಪಕ್ಕೆಲುಬಿಗೆ, ಕೊನೆಗೆ ಸೊಂಟದ ತನಕ ಒಯ್ಯುವುದು. ನಾಯಿ ತಾನೇ ಬಾಗುತ್ತದೆ. ಎಲ್ಲಿಯ ತನಕ ತಾನಾಗಿ ಬಾಗುತ್ತದೋ ಅಲ್ಲಿಗೆ ಸಾಕು, ಒಂದೆರಡು ಸೆಕೆಂಡು ತಡೆದು ಕೊಟ್ಟುಬಿಡಬೇಕು. ಎರಡೂ ಪಕ್ಕಕ್ಕೆ. ಚೂರನ್ನು ಮುಂಗಾಲ ನಡುವೆ ಕೆಳಗಿಳಿಸಿದರೆ ಮುಂಭಾಗ ತಗ್ಗಿ, ಹಿಂಭಾಗ ಮೇಲೆ. ಆಟಕ್ಕೆ ಕರೆಯುವಾಗ ನಾಯಿಗಳು ಮಾಡುವ ಭಂಗಿಯೇ ಅದು. ಮುಂದೆ ಐದು ಸಲ ಕೂಡ್ರು-ಏಳು, ಆರು ಹೆಜ್ಜೆ ಹಿಂದಕ್ಕೆ. ಹಿಂದಕ್ಕೆ ನಡೆಯುವುದು ಚಿಗರಿಗೆ ತಿಳಿಯುತ್ತಲೇ ಇರಲಿಲ್ಲ, ತನಗೆ ಹಿಂಗಾಲುಗಳಿವೆ ಅನ್ನುವುದೇ ಗೊತ್ತಿಲ್ಲದಂತೆ ಅಡ್ಡಕ್ಕೆ ಸರಿಯುತ್ತಿತ್ತು. ಗೋಡೆ ಮತ್ತು ನನ್ನ ಕಾಲಿನ ನಡುವೆ ನಿಲ್ಲಿಸಿ ಕಲಿಸಿದೆವು. ನೆಲದ ಮೇಲೆ ಸಾಲಾಗಿ ಐದು ಬಿದಿರು ಕೋಲು ಇರುತ್ತವೆ, ನಾಯಿಯ ಮುಂಗಾಲ ಮಣಿಕಟ್ಟಿಗಿಂತ ಕೆಳಗೆ. ಅವುಗಳನ್ನು ಹಾರುವುದಲ್ಲ, ಒಂದೊಂದೇ ಕಾಲೆತ್ತಿ ದಾಟುವುದು. ಕೊನೆಗೆ ಎರಡು ಸಣ್ಣ ಓಟ, ಅರ್ಧ ವೇಗದ್ದು. ಆಮೇಲೆ ಬೆಲ್ಟ್ ಬಿಚ್ಚು.

ಇಷ್ಟು ಯಾಕೆ ಅಂತ ಕೇಳುವವರಿಗೆ ಸಾಹೇಬರ ಹತ್ತಿರ ಒಂದು ಉತ್ತರ ಸದಾ ತಯಾರು. "ನಾಯಿಗೆ ನಮ್ಮ ಹಂಗ ಕಾಲರ್ ಬೋನ್ ಇಲ್ರಿ. ಮುಂಗಾಲು ಮೈಗೆ ಕೂಡಿದ್ದು ಬರೇ ಮಾಂಸಖಂಡದ ಮ್ಯಾಲ." ಎಲುಬಿನ ಕೀಲು ಅಲ್ಲಿಲ್ಲ, ಸ್ನಾಯುಗಳ ತೊಟ್ಟಿಲಲ್ಲಿ ಎದೆಗೂಡು ತೂಗುತ್ತದೆ. ಇನ್ನು ಬೇಟೆ ನಾಯಿಯ ನಾಗಾಲೋಟದಲ್ಲಿ ಒಂದು ಸುತ್ತಿಗೆ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ, ಒಮ್ಮೆ ಮೈ ಚಾಚಿ, ಒಮ್ಮೆ ಮುದುಡಿ. ಪ್ರತಿ ಸಲ ಇಳಿಯುವ ಹೊಡೆತ ಆ ಸ್ನಾಯುಗಳಿಗೇ. ಅವುಗಳಿಗೆ ರಕ್ತ ಹರಿದು ಬೆಚ್ಚಗಾಗಿದ್ದರೆ ಜಗ್ಗುತ್ತವೆ, ತಣ್ಣಗಿದ್ದರೆ ಹರಿಯುತ್ತವೆ. ಸಂಕೇಶ್ವರದ ಬೆಲ್ಲ ನೆನಪಾಯಿತು ನನಗೆ: ಬಿಸಿಲಿಗಿಟ್ಟದ್ದು ಬೆರಳಿಗೆ ಬಾಗುತ್ತದೆ, ಚಳಿಯಲ್ಲಿಟ್ಟದ್ದಕ್ಕೆ ಒರಳ ಕಲ್ಲು ಬೇಕು. ಹೀಗೆ ಮಾಡಿದರೆ ಪೆಟ್ಟೇ ಆಗುವುದಿಲ್ಲ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಕೂತದ್ದು ಅದರಿಂದಲೇ.

ಮುಗಿದ ಮೇಲೂ ಹಾಗೇ ಬಿಟ್ಟು ಕಳಿಸುವುದಿಲ್ಲ. ಏಳಕ್ಕೆ ಆಟ ನಿಲ್ಲಿಸಿ ಮತ್ತೆ ಬೇಲಿಗುಂಟ ನಡಿಗೆ, ಏದುಸಿರು ಇಳಿಯುವ ತನಕ. ಕಾರಿನಲ್ಲಿ ನೇರ ಹತ್ತಿಸಿದವರಿಗೆ ಬೈಗುಳ ಖಾತ್ರಿ. ಏಪ್ರಿಲ್ಲಿನಲ್ಲಿ ಬ್ಯಾಚನ್ನು ಐದೂವರೆಗೆ ತಂದರು. "ಹೊರಗ ಇಷ್ಟು ಸೆಕಿ ಐತಿ, ಮತ್ತ ಮೈ ಬಿಸಿ ಯಾಕ್ರೀ?" ಅಂತ ಒಬ್ಬ ಹುಡುಗ ಕೇಳಿದ. ಬಿಸಿಲಿನ ಕಾವು ಚರ್ಮಕ್ಕೆ, ಸ್ನಾಯುವಿಗಲ್ಲ; ನಡಿಗೆ ಬಿಡಬಾರದು, ಆದರೆ ಚಿಕ್ಕದಾಗಿಸಿ ನೆರಳಲ್ಲಿ ಮಾಡಿಸಬೇಕು ಅಂದರು. ನಾಯಿಗೆ ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಡಾಂಬರಿನ ಮೇಲೆ ಅಂಗೈ ಹಿಂಬದಿ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನೂ ಅಲ್ಲಿ ನಡೆಸಬೇಡಿ ಅನ್ನುವ ಮಾತನ್ನು ನಾನು ಆವತ್ತಿನಿಂದ ಪಾಲಿಸುತ್ತಿದ್ದೇನೆ.

ಈಗ ತಕರಾರು.

ಸಾಹೇಬರಿಗೊಬ್ಬ ಸಹಾಯಕ ಹುಡುಗನಿದ್ದಾನೆ. ಹೊಸಬರು ಬಂದಾಗ ತನ್ನ ವಿದ್ಯೆ ತೋರಿಸುವ ಚಟ. ಕಾರಿನಿಂದ ಆಗಷ್ಟೇ ಇಳಿದ ಒಂದು ಜರ್ಮನ್ ಶೆಫರ್ಡಿನ ಹಿಂಗಾಲು ಹಿಡಿದು ಹಿಂದಕ್ಕೆ ಜಗ್ಗಿ, ಸ್ಟ್ರೆಚಿಂಗ್ ಸರ್ ಅಂತ ಎಣಿಸತೊಡಗಿದ, ಒಂದು, ಎರಡು, ಮೂರು. ನಾಯಿ ತುಟಿ ನೆಕ್ಕಿಕೊಳ್ಳುತ್ತಾ ಪಕ್ಕಕ್ಕೆ ನೋಡುತ್ತಿತ್ತು, ಸಾಕು ಬಿಡು ಅನ್ನುವ ಭಾಷೆ ಅದು. ಶಾಲೆಯಲ್ಲೂ ಇದೇ ಜಗಳ ಮಾಡಿದವಳು ನಾನು. ತಣ್ಣಗಿರುವ ಸ್ನಾಯುವನ್ನು ಹೊರಗಿನವರು ಜಗ್ಗಿ ಹಿಡಿಯುವುದು ಮೈ ಬಿಸಿ ಮಾಡುವುದಲ್ಲ. ಜಗ್ಗುವುದೇ ಆದರೆ ಆಟ ಮುಗಿದು ಮೈ ಬೆಚ್ಚಗಿರುವಾಗ, ತಿಳಿದವರ ಕೈಯಿಂದ. ಸಾಹೇಬರಿಗೆ ಹೇಳಿದೆ. ಅವರು ಹುಡುಗನನ್ನು ಎಲ್ಲರೆದುರು ಬೈದರು, ಅದೂ ನನಗೆ ಸರಿಬರಲಿಲ್ಲ. ಮುಂದಿನ ತಿಂಗಳು ಅವನು ಅದನ್ನೇ ಮಾಡುತ್ತಿದ್ದ, ಶೆಡ್ಡಿನ ಹಿಂದೆ.

ಎರಡನೆಯದು ಮರಿಗಳ ಸಂಗತಿ. ನಮ್ಮ ಬ್ಯಾಚಿನಲ್ಲೇ ಆರು ತಿಂಗಳ ಲ್ಯಾಬ್ ಮರಿ ಇತ್ತು. ಅದರ ಮಾಲೀಕನಿಗೆ ವಿಡಿಯೋದ ಹುಚ್ಚು, ಕೋಲುಗಳನ್ನು ಎತ್ತರಿಸಿ ಮರಿಯನ್ನು ಹಾರಿಸುತ್ತಿದ್ದ, ಮತ್ತೆ ಮತ್ತೆ. ಮರಿಯ ಎಲುಬಿನ ತುದಿಗಳಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ದೊಡ್ಡ ತಳಿಗಳಲ್ಲಿ ಅದು ಗಟ್ಟಿಯಾಗಲು ಒಂದು, ಒಂದೂವರೆ ವರ್ಷ ಬೇಕು. ಅಲ್ಲಿಯ ತನಕ ಎತ್ತರದ ಜಿಗಿತ ಬೇಡ. ಇದು ಸಾಹೇಬರಿಗೆ ನನಗಿಂತ ಚಲೋ ಗೊತ್ತು. ಆದರೂ ಆ ಮಾಲೀಕ ಮೂರು ತಿಂಗಳ ರೊಕ್ಕ ಮುಂಗಡ ಕೊಟ್ಟವನು, ಹಾಗಾಗಿ ಮಾತು ಮೆತ್ತಗಿತ್ತು. ಮರಿಗಳಿಗೆ ಬೇರೆ ಬ್ಯಾಚು ಬೇಕೇ ಬೇಕು.

ಮೂರನೆಯದು ಶೆಡ್ಡಿನ ಕಪಾಟಿನ ಡಬ್ಬಿ. ಕೀಲಿಗೆ ಒಳ್ಳೇದು ಅನ್ನುವ ಪುಡಿ, 1,450 ರೂಪಾಯಿ. ಚಿಗರಿಗೂ ಬೇಕು ಅಂದರು. ನಮ್ಮ ಡಾಕ್ಟರನ್ನು ಕೇಳಿದೆ, ಬೇಡ ಅಂದರು. ಮತ್ತೆ ಆ ಮಾತು ಬರಲಿಲ್ಲ, ಆದರೆ ಹೊಸದಾಗಿ ಬಂದವರ ಕೈಯಲ್ಲೆಲ್ಲ ಅದೇ ಡಬ್ಬಿ ಕಾಣುತ್ತದೆ. ಮಳೆ ಬಂದರೆ ಕೆಂಪು ಮಣ್ಣು ಜಾರುತ್ತದೆ ಅಂತ ಕ್ಲಾಸು ರದ್ದು, ಸರಿಯೇ, ಜಾರುವ ನೆಲದಲ್ಲಿ ಓಡಿಸಿದರೆ ಕಾಲು ಸೀಳುತ್ತದೆ. ಆದರೆ ವಾಟ್ಸಾಪ್ ಬರುವುದು ಐದು ನಲವತ್ತಕ್ಕೆ, ನಾವು ಅರ್ಧ ದಾರಿಯಲ್ಲಿರುವಾಗ, ಮತ್ತು ಆ ದಿನಗಳ ಲೆಕ್ಕ ಮುಂದಿನ ತಿಂಗಳಿಗೆ ಸೇರುವುದಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಬ್ಯಾಚಿನಲ್ಲಿ ನಾವು ಅರ್ಧಕ್ಕರ್ಧ ಹೆಣ್ಣುಮಕ್ಕಳೇ ಇದ್ದೇವೆ.

ಇನ್ನೊಂದು ತಕರಾರೋ ಮೆಚ್ಚುಗೆಯೋ ನನಗೇ ತಿಳಿಯದ್ದು: ಸಾಹೇಬರ ಮಾತು. ಮುಧೋಳ ನಾಯಿ ಕಂಡರೆ ಅವರಿಗೆ ಬ್ರೇಕಿಲ್ಲ. ಮುಧೋಳದ ಘೋರ್ಪಡೆ ಮಹಾರಾಜರಿಂದ ಶುರುವಾಗಿ, 2005ರಲ್ಲಿ ಬಂದ ಮುಧೋಳ ನಾಯಿಯ ಅಂಚೆ ಚೀಟಿಗೆ ಬಂದು, ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರ ದಾಟಿ, 2016ರಲ್ಲಿ ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದ ಮುಧೋಳದ ಮರಿಗಳಿಗೆ ನಿಲ್ಲಬೇಕು. ಆ ಅಂಚೆ ಚೀಟಿ ಅವರ ಪಾಕೀಟಿನಲ್ಲೇ ಇದೆ, ಪ್ಲಾಸ್ಟಿಕ್ಕಿನೊಳಗೆ. ಅಷ್ಟೊತ್ತಿಗೆ ಬಿಸಿಯಾದ ನಾಯಿ ಮತ್ತೆ ತಣ್ಣಗಾಗಿರುತ್ತದೆ. ಒಮ್ಮೆ ನಾನೇ ಹೇಳಿದೆ, ಸಾಹೇಬ್ರ, ಕತಿ ಮುಗೀತಲ್ಲ, ಮತ್ತೊಂದು ಸುತ್ತು ಅಡ್ಡಾಡಿಸಲೇನು? ನಕ್ಕು, "ಅಡ್ಡಾಡಸ್ರಿ, ನೀವು ಪಾಸ್ ಆದ್ರಿ" ಅಂದರು.

ರೊಕ್ಕಕ್ಕೆ ಬೆಲೆ ಬಂತೇ? ಮೊದಲ ತಿಂಗಳು ಪೂರ್ತಿ ಬಂತು, ಎರಡನೆಯದು ಅರ್ಧ. ಮೂರು ಮತ್ತು ನಾಲ್ಕನೇ ತಿಂಗಳು ನಾನು ಕೊಟ್ಟದ್ದು ಬೇಲಿ ಹಾಕಿದ ಮೈದಾನದ ಬಾಡಿಗೆ ಅಷ್ಟೇ. ಅಲ್ಲಿ ಮಾಡಿಸುವುದರಲ್ಲಿ ಮನೆಯಲ್ಲಿ ಮಾಡಲಾಗದ್ದು ಒಂದೂ ಇಲ್ಲ. ಎರಡು ಬಕೆಟ್ಟು, ಐದು ಕೋಲು, ಒಂದು ಹಿಡಿ ಬಿಸ್ಕೀಟು. ಬೇಕಾದದ್ದು ನಮ್ಮ ಕಾಲನ್ನು ಹಿಡಿದು ನಿಲ್ಲಿಸುವ ಒಂದು ದನಿ, ಅದು ಕಿವಿಯಲ್ಲಿ ಕೂರುವ ತನಕ ಹೋಗಬೇಕು. ನನಗೆ ಐದು ವಾರ ಹಿಡಿಯಿತು. ನನ್ನ ಗಂಡನಿಗೆ ಇನ್ನೂ ಕೂತಿಲ್ಲ, ಮೊನ್ನೆ ಕೂಡ ಬಾಗಿಲು ತೆಗೆಯುವ ಮೊದಲೇ ಬೆಲ್ಟಿಗೆ ಕೈ ಹಾಕಿದ್ದರು. ಹಾಗಾಗಿ ಮುಂದಿನ ತಿಂಗಳ ಫೀ ಅವರ ಹೆಸರಲ್ಲಿ ಕಟ್ಟಿದ್ದೇನೆ.

ಪೆಟ್ಟಾದ ನಾಯಿಗೆ ಇದು ಆಸ್ಪತ್ರೆಯಲ್ಲ. ಕುಂಟುತ್ತಿದ್ದರೆ ಮೊದಲು ಡಾಕ್ಟರು, ಅವರು ಬಿಟ್ಟ ಮೇಲೆ ಮೈದಾನ. ಒಂದು ವರ್ಷದೊಳಗಿನ ಮರಿಯಿದ್ದರೆ ಕೋಲಿನ ಎತ್ತರ ನೀವೇ ನಿಂತು ನೋಡಿ. ಡಬ್ಬಿ ತೆಗೆದುಕೊಳ್ಳಬೇಡಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಹುಡುಗನನ್ನು ನಾಯಿಯ ಹಿಂಗಾಲಿನಿಂದ ದೂರ ಇಟ್ಟರೆ ನಾಲ್ಕು. ಹೋಗುವವರು ಬ್ಯಾಚಿನ ಹೊತ್ತಿಗೆ ಐದು ನಿಮಿಷ ಮೊದಲೇ ಗೇಟಿನಲ್ಲಿರಿ. ಹೊತ್ತಾದರೆ ಬೀಗ ಹಾಕುತ್ತಾರೆ, ತಡವಾಗಿ ಬಂದವರು ನಡಿಗೆ ಹಾರಿಸಿ ಸೀದಾ ಓಟಕ್ಕೆ ಇಳಿಯುತ್ತಾರೆ ಅಂತ. ನಮಗೂ ಎರಡು ಸಲ ಹಾಕಿದ್ದಾರೆ.